ಕಂಬಳಿಗೆ ನೂಲು ಎಷ್ಟು ಬೇಕು? ಮಗ್ಗಕ್ಕೆ ಕೂರೋ ಮುಂಚೆ ಲೆಕ್ಕ ಹಾಕಿ

ಹೋದ ವರ್ಷ ನಾಲ್ಕು ಕಂಬಳಿಗೆ ಆರ್ಡರ್ ಒಪ್ಪಿಕೊಂಡಿದ್ದೆ. ಮೂರನೆಯದು ಇನ್ನೊಂದು ಮೊಳ ಇದೆ ಅನ್ನುವಾಗ ಕರಿ ನೂಲು ಮುಗಿದುಹೋಯ್ತು. ಸಂತೆಯಿಂದ ತಂದು ನೇಯ್ದೆ. ಮನೆ ಕುರಿಯ ಕಪ್ಪೇ ಬೇರೆ, ತಂದ ನೂಲಿನ ಕಪ್ಪೇ ಬೇರೆ. ಬಿಸಿಲಿಗೆ ಹರವಿದಾಗ ಪಟ್ಟೆ ಎದ್ದು ಕಾಣ್ತಿತ್ತು. ಗಿರಾಕಿ ಅದನ್ನು ತಗೊಳ್ಳಲಿಲ್ಲ, ನಾಲ್ಕನೆಯದು ಶುರುವಾಗಲೇ ಇಲ್ಲ. "ಕಣ್ಣಂದಾಜು ನಮ್ಮ ಕಾಲಕ್ಕೆ ಸರಿ ಕಣಪ್ಪ, ಆಗ ಹಿಂಡು ದೊಡ್ಡದಿತ್ತು" ಅಂದಳು ಅಜ್ಜಿ.

ಅವಳ ಮಾತು ನಿಜ. ನಮ್ಮ ವರವು ಕಾವಲ್ ಅಮೃತಮಹಲ್ ಕಾವಲುಗಳಲ್ಲಿ ಒಂದು. ಇಲ್ಲಿ 4,290 ಎಕರೆ ಡಿಆರ್‌ಡಿಒಗೆ ಹೋಯ್ತು, 2017ರಲ್ಲಿ ವಿಮಾನ ಪರೀಕ್ಷಾ ಕೇಂದ್ರ ಉದ್ಘಾಟನೆಯಾಯ್ತು. ಮೇಯೋ ಜಾಗ ಕಡಿಮೆಯಾದಂತೆ ನಮ್ಮ ಹಿಂಡೂ ಇಳಿದು ಈಗ 30 ಕುರಿ ಉಳಿದಿವೆ. ಇರೋ ಉಣ್ಣೆಯಲ್ಲಿ ಎಷ್ಟು ಕಂಬಳಿ ಆಗುತ್ತೆ ಅಂತ ಮೊದಲೇ ಗೊತ್ತಿರಬೇಕು. ನಾನೀಗ ಮಾಡುವ ಲೆಕ್ಕ ಹೀಗಿದೆ.

1. ಎಳೆ ಎಣಿಸಿ

ಹಳೇ ಕಂಬಳಿಯ ಮೇಲೆ ಸ್ಕೇಲ್ ಇಟ್ಟು ಮೊಬೈಲಲ್ಲಿ ಫೋಟೋ ತೆಗೆಯಿರಿ. ಜೂಮ್ ಮಾಡಿ ಒಂದು ಇಂಚಿನಲ್ಲಿ ಹಾಸು ಎಷ್ಟು, ಹೊಕ್ಕು ಎಷ್ಟು ಎಣಿಸಿ. ನನ್ನದರಲ್ಲಿ ಹಾಸು 10, ಹೊಕ್ಕು 8 ಬಂತು.

2. ಉದ್ದ ಲೆಕ್ಕ ಹಾಕಿ

ಕಂಬಳಿ 50 ಇಂಚು ಅಗಲ, 100 ಇಂಚು ಉದ್ದ ಅಂದುಕೊಳ್ಳಿ.

ಹಾಸು: 50 × 10 = 500 ಎಳೆ. ಮಗ್ಗಕ್ಕೆ ಕಟ್ಟಿದ ತುದಿ ನೇಯಲು ಸಿಗಲ್ಲ, ಬಟ್ಟೆ ಕುಗ್ಗುತ್ತೆ ಕೂಡ. ಅದಕ್ಕೆ 20 ಇಂಚು ಸೇರಿಸಿದರೆ ಒಂದು ಎಳೆ 120 ಇಂಚು, ಅಂದರೆ 10 ಅಡಿ. ಒಟ್ಟು 5,000 ಅಡಿ.

ಹೊಕ್ಕು: 100 × 8 = 800 ಎಳೆ. ಅಗಲದ ಕುಗ್ಗುವಿಕೆಗೆ 4 ಇಂಚು ಸೇರಿಸಿದರೆ ಒಂದು ಎಳೆ ನಾಲ್ಕೂವರೆ ಅಡಿ. ಒಟ್ಟು 3,600 ಅಡಿ.

ಎರಡೂ ಸೇರಿ 8,600 ಅಡಿ. ಬಿಳಿ ಅಂಚು ಇದ್ದರೆ ಅದರ ಎಳೆ ಬೇರೆ ಎಣಿಸಿ, ಕರಿಯದರಿಂದ ಕಳೆಯಿರಿ.

3. ಅಡಿಯನ್ನು ತೂಕಕ್ಕೆ ತನ್ನಿ

ಐದು ಅಡಿ ದೂರಕ್ಕೆ ಎರಡು ಗೂಟ ನೆಟ್ಟು ನೂಲನ್ನು ಹತ್ತು ಸುತ್ತು ಸುತ್ತಿ. 100 ಅಡಿ ಆಯ್ತು. ಅದನ್ನು ಡಿಜಿಟಲ್ ತಕ್ಕಡಿಯಲ್ಲಿ ತೂಗಿ. ಕೈಯಲ್ಲಿ ನೂತ ನೂಲು ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ ಇರುತ್ತೆ. ಹಾಗಾಗಿ ಮೂರು ಉಂಡೆಗಳಿಂದ ತೂಗಿ ಸರಾಸರಿ ತಗೊಳ್ಳಿ. ನನಗೆ 28, 32, 30 ಗ್ರಾಂ ಬಂತು, ಸರಾಸರಿ 30.

86 × 30 = 2,580 ಗ್ರಾಂ. ಹರಿಯೋದು, ಗಂಟು, ಉಳಿಕೆಗೆ ನೂರಕ್ಕೆ 10 ಸೇರಿಸಿದರೆ ಸುಮಾರು 2.85 ಕೆಜಿ. ಒಂದು ಕಂಬಳಿಗೆ ಇಷ್ಟು ನೂಲು ಬೇಕು.

ಒಂದು ಎಚ್ಚರಿಕೆ: ಹಾಸಿನ ಎಳೆಗಳಿಗೆ ಹುಣಸೆ ಬೀಜದ ಗಂಜಿ ಹಚ್ಚುವ ಮುಂಚೆಯೇ ತೂಗಿ. ಗಂಜಿಯ ಭಾರ ಸೇರಿದರೆ ಲೆಕ್ಕ ತಪ್ಪುತ್ತೆ.

4. ನೂಲಿನಿಂದ ಕುರಿಗೆ

ಕತ್ತರಿಸಿದ ಉಣ್ಣೆಯೆಲ್ಲ ನೂಲಾಗಲ್ಲ. ಮಣ್ಣು, ಮುಳ್ಳು, ಜಿಡ್ಡು ಹೋಗುತ್ತೆ. ಒಂದು ಕೆಜಿ ಉಣ್ಣೆಯನ್ನು ತೊಳೆದು, ಹಿಂಜಿ, ನೂತು ನೋಡಿ. ನಮ್ಮಲ್ಲಿ 700 ಗ್ರಾಂ ನೂಲು ಸಿಕ್ಕಿತು. ಹಾಗಾದರೆ 2.85ನ್ನು 0.7ರಿಂದ ಭಾಗಿಸಿ: ಸುಮಾರು 4.1 ಕೆಜಿ ಉಣ್ಣೆ. ನಮ್ಮ ಕುರಿಗೆ ಒಂದು ಕತ್ತರಿಗೆ 300 ಗ್ರಾಂ ಬರುತ್ತೆ, ಅಂದರೆ ಒಂದು ಕಂಬಳಿಗೆ 14 ಕುರಿ.

ಈ ಅಂಕಿಗಳು ನನ್ನ ಹಿಂಡಿನವು. ತಳಿ, ಮೇವು, ನೂಲುವ ಕೈ ಬದಲಾದರೆ ಅಂಕಿಯೂ ಬದಲಾಗುತ್ತೆ. ನೀವು ನಿಮ್ಮದನ್ನೇ ತೂಗಿ.

5. ಆಮೇಲೆ ಆರ್ಡರ್ ಒಪ್ಪಿಕೊಳ್ಳಿ

30 ಕುರಿಯಿಂದ 9 ಕೆಜಿ ಉಣ್ಣೆ, ಅದರಿಂದ 6.3 ಕೆಜಿ ನೂಲು. ಎರಡು ಕಂಬಳಿಗೆ 5.7 ಕೆಜಿ ಸಾಕು. ನಾಲ್ಕಕ್ಕೆ 11.4 ಕೆಜಿ ಬೇಕಿತ್ತು. ಹೋದ ವರ್ಷ ಎಲ್ಲಿ ಎಡವಿದೆ ಅಂತ ಈಗ ಗೊತ್ತಾಯ್ತು.

ಈ ಸಲವೂ ನಾಲ್ಕು ಕೇಳಿದವರಿಗೆ "ಎರಡು ಕೊಡ್ತೀನಿ, ಉಳಿದದ್ದು ಮುಂದಿನ ಕತ್ತರಿಗೆ" ಅಂದೆ. ಅವರು ಒಪ್ಪಿದರು. ಎರಡೂ ಒಂದೇ ಬಣ್ಣದಲ್ಲಿ ಮಗ್ಗದಿಂದ ಇಳಿದವು. ಬುಟ್ಟಿಯಲ್ಲಿ ಇನ್ನೂ ಒಂದಿಷ್ಟು ಉಂಡೆ ಉಳಿದಿವೆ.

ಮುಂದಿನ ಸಲ ಕುರಿ ಕತ್ತರಿಸುವಾಗ ಕರಿ, ಬಿಳಿ ಬೇರೆ ಬೇರೆ ತೂಗಿ, ತೂಕವನ್ನು ಮೊಬೈಲಲ್ಲೇ ಬರೆದಿಟ್ಟುಕೊಳ್ಳಿ. ಎರಡು ವರ್ಷ ಬರೆದರೆ ನಿಮ್ಮ ಹಿಂಡಿನ ಲೆಕ್ಕ ನಿಮ್ಮ ಕೈಯಲ್ಲೇ ಇರುತ್ತೆ.