ಪರಿಹಾರದ ದುಡ್ಡು ಬಂದ ಮನೆ

ಕೈತುಂಬ ದುಡ್ಡು ಬಂದಾಗಲೇ ಮನುಷ್ಯನ ನಿಜಗುಣ ಹೊರಬೀಳುತ್ತದೆ ಅನ್ನುತ್ತಾರೆ. ಬ್ಯಾಂಕಿನಲ್ಲಿ ಕೂತು ನೋಡಿದ ನನಗೆ ಹಾಗನ್ನಿಸಿಲ್ಲ. ನಾನು ದೇವನಹಳ್ಳಿ ಕಡೆಯ ಶಾಖೆಯಲ್ಲಿದ್ದಾಗ ಭೂಸ್ವಾಧೀನದ ಪರಿಹಾರ ಪಡೆದ ರೈತರು ಬರುತ್ತಿದ್ದರು. 2008ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಆ ಸೀಮೆಯ ರಾಗಿ ಹೊಲ, ದ್ರಾಕ್ಷಿ ತೋಟಗಳಿಗೆ ಹಿಂದೆಂದೂ ಕಾಣದ ಬೆಲೆ. ಆ ದುಡ್ಡಿನಿಂದ ನೆಮ್ಮದಿ ಕಳೆದುಕೊಂಡವರಲ್ಲಿ ದುರಾಸೆಯವರಿಗಿಂತ ಮೃದು ಮನಸ್ಸಿನವರೇ ಹೆಚ್ಚು.

ಒಬ್ಬ ದ್ರಾಕ್ಷಿ ಬೆಳೆಗಾರರು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದ್ದಾರೆ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಪಾಸ್‌ಬುಕ್ಕನ್ನು ಪಟಾಪಟಿ ಚಡ್ಡಿಯ ಜೇಬಿನಿಂದ ತೆಗೆದು, ಎಂಟ್ರಿ ಹಾಕಿಸುತ್ತಿದ್ದರು. "ಎಷ್ಟಿದೆ ಅಂತ ಜೋರಾಗಿ ಹೇಳ್ಬೇಡಿ ಸಾರ್" ಅನ್ನುವುದು ಪ್ರತಿ ಸಲದ ಕೋರಿಕೆ. ಒಂದು ದಿನ ಎದುರಿನ ಕುರ್ಚಿಯಲ್ಲಿ ಕೂತು ಹೇಳಿದರು: "ಮೊದ್ಲು ಯಾರಾದ್ರೂ ಸಾಲ ಕೇಳಿದ್ರೆ ಕೈಯಲ್ಲಿಲ್ಲ ಕಣಪ್ಪ ಅಂತಿದ್ದೆ. ನಿಜವಾಗ್ಲೂ ಇರ್ತಿರ್ಲಿಲ್ಲ. ಈಗ ಅದೇ ಮಾತು ಹೇಳಿದ್ರೆ ಸುಳ್ಳಾಗುತ್ತೆ."

ನನ್ನ ನೌಕರಿಯಲ್ಲಿ ದುಡ್ಡಿನ ಬಗ್ಗೆ ಇದಕ್ಕಿಂತ ನಿಜವಾದ ಮಾತು ಕೇಳಿಲ್ಲ. ಅಲ್ಲಿಯವರೆಗೆ ಅವರು ಯಾರನ್ನೂ ನೋಯಿಸದೆ ಬಾಳಿದ್ದರು, ಏಕೆಂದರೆ ಕೊಡುವುದೋ ಬಿಡುವುದೋ ಎಂಬ ಪ್ರಶ್ನೆಯೇ ಅವರ ಮುಂದಿರಲಿಲ್ಲ. ಈಗ ಭಾಮೈದನ ಬೋರ್‌ವೆಲ್ ಲಾರಿಗೆ ಕೊಟ್ಟರು, ದೇವಸ್ಥಾನದ ಗೋಪುರಕ್ಕೆ ಕೊಟ್ಟರು. ಇಸಿದುಕೊಂಡವರು ಮುಖ ತಪ್ಪಿಸಿಕೊಂಡು ಓಡಾಡಿದರು, ಸಿಗದವರು ಮಾತು ಬಿಟ್ಟರು. ಕೊನೆಗೆ ಅರಳಿಕಟ್ಟೆ ದಾಟಿ ಬರುವುದನ್ನೇ ಅವರು ಬಿಟ್ಟರು. ಯಾರು ನಮಸ್ಕಾರ ಎಂದರೂ, ಇವನಿಗೇನು ಬೇಕೋ ಎಂಬ ಅನುಮಾನ. ಬೆಳಗಾದರೆ ನೀರು ಕಟ್ಟಲು ತೋಟವೂ ಇರಲಿಲ್ಲವಲ್ಲ, ಆ ಅನುಮಾನಕ್ಕೆ ಇಡೀ ದಿನ ಬಿಡುವಿತ್ತು.

ಬಿಹಾರದ ಮೋತಿಹಾರಿಯ ಸುಶೀಲ್ ಕುಮಾರ್ 2011ರಲ್ಲಿ 'ಕೌನ್ ಬನೇಗಾ ಕರೋಡ್‌ಪತಿ'ಯಲ್ಲಿ 5 ಕೋಟಿ ಗೆದ್ದರು. 2020ರಲ್ಲಿ ಅವರೇ ಬರೆದುಕೊಂಡ ಕಥೆಯಲ್ಲೂ ಇದೇ ಇದೆ: ಗುಪ್ತದಾನದ ಹುಚ್ಚು, ಮೋಸ ಮಾಡಿದವರು, ಹೆಂಡತಿಯೊಂದಿಗೆ ಜಗಳ, ಕುಡಿತ, ಸಿಗರೇಟು. ಗೆಲ್ಲುವ ಮೊದಲು ಅವರು ತಿಂಗಳಿಗೆ ಆರು ಸಾವಿರ ಸಂಬಳದ ಕಂಪ್ಯೂಟರ್ ಆಪರೇಟರ್. ಕೇಳಿದವರಿಗೆಲ್ಲ ಕೊಡುವ ಸ್ಥಿತಿ ಅಲ್ಲಿಯತನಕ ಅವರಿಗೂ ಬಂದಿರಲಿಲ್ಲ.

ಇನ್ನು ಹೆಣ್ಣುಮಕ್ಕಳ ಪಾಲು. ಕರ್ನಾಟಕದಲ್ಲಿ 1994ರಲ್ಲೇ, ದೇಶಕ್ಕೆಲ್ಲ 2005ರಲ್ಲಿ, ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಹಕ್ಕು ಬಂತು. ಆದರೂ ಹಳ್ಳಿಗಳಲ್ಲಿ ಒಂದು ಸೀರೆ ಕೊಟ್ಟು ಹಕ್ಕು ಖುಲಾಸೆ ಪತ್ರಕ್ಕೆ ಅಕ್ಕತಂಗಿಯರ ಸಹಿ ಹಾಕಿಸಿಕೊಂಡವರಿದ್ದಾರೆ. ಎಕರೆಗೆ ಕೋಟಿ ಎಂದಾಗ ಆ ಸಹಿ ಎಲ್ಲರಿಗೂ ನೆನಪಾಗುತ್ತದೆ. ತವರಿಗೆ ಬರುತ್ತಿದ್ದ ತಂಗಿ ವಕೀಲರ ಜೊತೆ ಬಂದರೆ, ಅವಳಿಗೆ ದುಡ್ಡಿನ ಮದ ಎನ್ನುವುದು ಘೋರ ಅನ್ಯಾಯ. ಮೊದಲೇ ಸಲ್ಲಬೇಕಾದದ್ದನ್ನು ಅವಳು ಕೇಳುತ್ತಿದ್ದಾಳೆ, ಅಷ್ಟೇ. ದುಡ್ಡು ಕೈಗೆ ಬಂದ ವಾರವೇ ಅವಳ ಪಾಲನ್ನು ಅವಳ ಖಾತೆಗೇ ಹಾಕಿಬಿಡಿ.

ಉಳಿದದ್ದಕ್ಕೆ ಲೆಕ್ಕ ಹೇಳುತ್ತೇನೆ. 1 ಕೋಟಿಗೆ ಶೇ 7ರ ಬಡ್ಡಿಯಾದರೆ ವರ್ಷಕ್ಕೆ 7 ಲಕ್ಷ, ತಿಂಗಳಿಗೆ ಸುಮಾರು 58 ಸಾವಿರ. 2013ರ ಭೂಸ್ವಾಧೀನ ಕಾಯ್ದೆಯಡಿ ಬರುವ ಪರಿಹಾರಕ್ಕೆ ಆದಾಯ ತೆರಿಗೆ ಇಲ್ಲದಿದ್ದರೂ ಠೇವಣಿಯ ಬಡ್ಡಿಯನ್ನು ಆದಾಯವೆಂದೇ ಲೆಕ್ಕ ಹಿಡಿಯುತ್ತಾರೆ. ಬೇಸಾಯದ ಆದಾಯಕ್ಕೆ ತೆರಿಗೆ ಕಟ್ಟಿ ಗೊತ್ತಿಲ್ಲದವರು ಇಲ್ಲೇ ಎಡವುತ್ತಾರೆ. ಅರ್ಧ ಪರ್ಸೆಂಟ್ ಬಡ್ಡಿ ಜಾಸ್ತಿ ಎಂದು ಎಲ್ಲವನ್ನೂ ಒಂದೇ ಸಣ್ಣ ಬ್ಯಾಂಕಿನಲ್ಲಿ ಸುರಿಯಬೇಡಿ. ಬ್ಯಾಂಕ್ ಮುಳುಗಿದರೆ ಠೇವಣಿ ವಿಮೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ಮಾತ್ರ.

ಆ ದ್ರಾಕ್ಷಿ ಬೆಳೆಗಾರರಿಗೆ ನಾನು ಮಾಡಿಸಿದ ಕೆಲಸ ಇನ್ನೊಂದಿದೆ. ಉಳಿದಿದ್ದ ದುಡ್ಡನ್ನು ಗಂಡ ಹೆಂಡತಿ ಇಬ್ಬರ ಹೆಸರಿಗೂ ಠೇವಣಿ ಇಡಿಸಿದೆ, ಅವಧಿಗೆ ಮುಂಚೆ ತೆಗೆಯಲು ಇಬ್ಬರ ಸಹಿಯೂ ಬೇಕೆಂಬ ಷರತ್ತಿನ ಮೇಲೆ. "ನಮ್ಮನೇವ್ರ ಸಹಿನೂ ಬೇಕಪ್ಪ, ಅವರು ಒಪ್ಪಲ್ಲ" ಎಂದು ದುಡ್ಡು ಕೇಳಲು ಬಂದವರಿಗೆ ಹೇಳುವುದು ಅವರಿಗೆ ಸಾಧ್ಯವಾಯಿತು. ಅದರಲ್ಲಿ ಸುಳ್ಳಿರಲಿಲ್ಲ. ಆಕೆ ಗಟ್ಟಿ ಹೆಂಗಸು, ನಿಜವಾಗಿಯೂ ಒಪ್ಪುತ್ತಿರಲಿಲ್ಲ. ಜಂಟಿ ಠೇವಣಿ ಎಂದರೆ ಸಾಮಾನ್ಯವಾಗಿ ಬ್ಯಾಂಕಿನವರು ಇಬ್ಬರಲ್ಲಿ ಯಾರು ಬೇಕಾದರೂ ತೆಗೆಯಬಹುದೆಂಬ ಕಡೆಗೇ ಗುರುತು ಹಾಕಿಬಿಡುತ್ತಾರೆ. ಇಬ್ಬರೂ ಸೇರಿಯೇ ಎಂಬುದನ್ನು ಬಾಯಿಬಿಟ್ಟು ಕೇಳಿ, ಅರ್ಜಿಯಲ್ಲಿ ಬರೆಸಿ, ಬಾಂಡಿನ ಮೇಲೆ ಅಚ್ಚಾಗಿದೆಯೇ ಎಂದು ಕೌಂಟರಿನಲ್ಲೇ ನಿಂತು ಓದಿಸಿಕೊಳ್ಳಿ.