ಪವರ್ ಸ್ಟಿಯರಿಂಗಿನ ನಳಿಕೆ: ಸೋರಿಕೆಯೂ ದುರಸ್ತಿಯೂ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸೀಮೆಯಲ್ಲಿ ಹತ್ತಿ, ಕಡಲೆ, ಜೋಳಗಳನ್ನು ಒಂದು ಕಾಲಕ್ಕೆ ಚಕ್ಕಡಿಗಳೇ ಹೊರುತ್ತಿದ್ದವು. ಈಗ ಆ ಕೆಲಸದ ಬಹುಪಾಲನ್ನು ಟ್ರ್ಯಾಕ್ಟರುಗಳೂ ಪಿಕಪ್ ಗಾಡಿಗಳೂ ವಹಿಸಿಕೊಂಡಿವೆ. ಮಳೆಗಾಲದಲ್ಲಿ ಎರೆಮಣ್ಣು ಗಾಡಿಯ ಅಡಿಭಾಗಕ್ಕೆ ಮೆತ್ತಿಕೊಂಡು ತೇವವನ್ನು ಬಹುದಿನ ಹಿಡಿದಿಡುತ್ತದೆ. ಹಳೆಯ ಗಾಡಿಯಾದರೆ ಅದರ ಉಕ್ಕಿನ ನಳಿಕೆಗಳೂ ನಟ್ಟುಗಳೂ ತುಕ್ಕು ಹಿಡಿದು, ಪವರ್ ಸ್ಟಿಯರಿಂಗಿನ ಎಣ್ಣೆ ಸಂಧಿಗಳಲ್ಲಿ ಸೋರತೊಡಗುತ್ತದೆ. ನಟ್ಟನ್ನು ಇನ್ನಷ್ಟು ಬಿಗಿದರೆ ಸೋರಿಕೆ ನಿಂತೀತೆಂದು ಯಾರಿಗಾದರೂ ತೋರುವುದು ಸಹಜ. ಆದರೆ ಈ ಉಪಾಯದಿಂದ ಕೆಡುಕೇ ಹೆಚ್ಚು. ಏಕೆಂಬುದನ್ನು ವಿಚಾರಿಸೋಣ.

ಎಣ್ಣೆಯ ಬಲ

ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಮೇಲೆ ಹೇರಿದ ಒತ್ತಡವು ಎಲ್ಲ ದಿಕ್ಕುಗಳಿಗೂ ಸಮನಾಗಿ ಹರಡುತ್ತದೆಂದು ಫ್ರಾನ್ಸಿನ ಬ್ಲೇಸ್ ಪಾಸ್ಕಲ್ (1623-1662) ತೋರಿಸಿಕೊಟ್ಟನು. ಪವರ್ ಸ್ಟಿಯರಿಂಗಿಗೆ ಈ ನಿಯಮವೇ ಆಧಾರ. 1951ರಲ್ಲಿ ಅಮೆರಿಕದ ಕ್ರೈಸ್ಲರ್ ಕಂಪನಿಯು ಇದನ್ನು ತನ್ನ ಇಂಪೀರಿಯಲ್ ಕಾರಿನಲ್ಲಿ ಅಳವಡಿಸಿ ಮಾರಾಟಕ್ಕೆ ತಂದಿತು.

ಎಂಜಿನಿನಿಂದ ತಿರುಗುವ ಪಂಪು ಎಣ್ಣೆಯನ್ನು ಒತ್ತಿ ಕಳುಹಿಸುತ್ತದೆ. ಆ ಎಣ್ಣೆ ಒಂದು ಪಿಸ್ಟನ್ನನ್ನು ತಳ್ಳಿ, ಚಕ್ರಗಳನ್ನು ಹೊರಳಿಸಲು ನೆರವಾಗುತ್ತದೆ. ನಿಂತ ಗಾಡಿಯ ಸ್ಟಿಯರಿಂಗನ್ನು ತಿರುಗಿಸುವಾಗ ಒತ್ತಡವು ಚದರ ಸೆಂಟಿಮೀಟರಿಗೆ 80 ಕಿಲೋಗ್ರಾಂ ಆಯಿತೆನ್ನೋಣ. ಪಿಸ್ಟನ್ನಿನ ವ್ಯಾಸ 4 ಸೆಂಟಿಮೀಟರ್ ಇದ್ದರೆ ಅದರ ವಿಸ್ತೀರ್ಣ ಸುಮಾರು 12.5 ಚದರ ಸೆಂಟಿಮೀಟರ್. ಆಗ ದೊರೆಯುವ ಬಲ 80 × 12.5 = 1000 ಕಿಲೋಗ್ರಾಂ, ಎಂದರೆ ಒಂದು ಟನ್ನು!

ಸವದತ್ತಿಯ ಬಳಿ ಮಲಪ್ರಭೆಗೆ ಕಟ್ಟಿರುವ ನವಿಲುತೀರ್ಥದ ಅಣೆಕಟ್ಟನ್ನು ವಾಚಕರಲ್ಲಿ ಅನೇಕರು ನೋಡಿರಬಹುದು. ನೀರಿನ ಆಳ 10 ಮೀಟರ್ ಹೆಚ್ಚಿದಂತೆಲ್ಲ ಅದರ ಒತ್ತಡ ಚದರ ಸೆಂಟಿಮೀಟರಿಗೆ 1 ಕಿಲೋಗ್ರಾಂ ಹೆಚ್ಚುತ್ತದೆ. 40 ಮೀಟರ್ ಆಳದ ನೀರು ತನ್ನ ತಳವನ್ನು ಒತ್ತುವುದು 4 ಕಿಲೋಗ್ರಾಮಿನಷ್ಟು ಮಾತ್ರ. ಬೆರಳು ಗಾತ್ರದ ನಳಿಕೆಯಲ್ಲಿರುವುದು ಅದರ 20 ಪಟ್ಟು.

ಸಂಧಿಯ ಗುಟ್ಟು

ಇಷ್ಟು ಒತ್ತಡವನ್ನು ತಡೆಯುವುದು ನಟ್ಟಿನ ತಿರುಪಿನ ಸುತ್ತುಗಳಲ್ಲ. ನಳಿಕೆಯ ತುದಿಯನ್ನು ಕಹಳೆಯ ಬಾಯಿಯಂತೆ ಅರಳಿಸಿ, ಅಂಚನ್ನು ಒಳಕ್ಕೆ ಮಡಿಸಿ ಎರಡು ಪದರವಾಗಿ ಮಾಡಿರುತ್ತಾರೆ. ಈ ಬಾಯಿ ಎದುರಿನ ಶಂಕುವಿನಾಕಾರದ ಪೀಠದ ಮೇಲೆ ಒತ್ತಿ ಕುಳಿತಾಗ ಎಣ್ಣೆಯ ದಾರಿ ಮುಚ್ಚುತ್ತದೆ. ಬೇರೆ ಬಗೆಯ ಸಂಧಿಗಳಲ್ಲಿ ರಬ್ಬರಿನ ಉಂಗುರವೋ ತಾಮ್ರದ ವಾಷರೋ ಈ ಕೆಲಸವನ್ನು ಮಾಡುತ್ತದೆ. ನಟ್ಟು ಇವುಗಳನ್ನು ಒತ್ತಿ ಹಿಡಿಯುತ್ತದೆ, ಅಷ್ಟೆ. ಆದುದರಿಂದ ತಿರುಪಿನ ಸುತ್ತುಗಳಿಗೆ ಟೇಪು ಸುತ್ತುವುದು ವ್ಯರ್ಥ. ಅತಿಯಾಗಿ ಬಿಗಿದರಂತೂ ಅರಳಿದ ಬಾಯಿ ತೆಳುವಾಗಿ ಸೀಳುತ್ತದೆ; ನಟ್ಟಿನ ಮೂಲೆಗಳು ಸವೆದು ಪಾನಾ ಜಾರುತ್ತದೆ.

ದುರಸ್ತಿಯ ಕ್ರಮ

ಮೊದಲನೆಯದಾಗಿ, ಎಂಜಿನನ್ನು ನಿಲ್ಲಿಸಿ, ಅದು ತಣಿದ ಮೇಲೆ ಮಣ್ಣನ್ನು ಒರೆಸಿ, ಎಣ್ಣೆ ನಿಜವಾಗಿ ಎಲ್ಲಿ ಹುಟ್ಟುತ್ತಿದೆಯೆಂದು ನೋಡಬೇಕು. ಸೋರಿದ ಎಣ್ಣೆ ಕೆಳಕ್ಕೆ ಹರಿದು ಕಣ್ಣನ್ನು ವಂಚಿಸುತ್ತದೆ. ತುಕ್ಕು ಹಿಡಿದ ನಟ್ಟಿಗೆ ತುಕ್ಕು ಸಡಿಲಿಸುವ ಎಣ್ಣೆಯನ್ನು ಹಾಕಿ ಕೆಲವು ಗಂಟೆ ಬಿಡಬೇಕು. ಎಣ್ಣೆಯಿರುವೆಡೆ ಬೆಂಕಿಯಿಂದ ಕಾಯಿಸುವುದು ಅಪಾಯಕರ. ನಟ್ಟಿನ ಹೆಚ್ಚಿನ ಮುಖಗಳನ್ನು ಹಿಡಿಯುವ ಪಾನಾದಿಂದಲೇ ಬಿಚ್ಚಬೇಕು. ಎದುರು ಭಾಗವೂ ತಿರುಗುವಂತಿದ್ದರೆ ಅದನ್ನು ಇನ್ನೊಂದು ಪಾನಾದಿಂದ ಹಿಡಿದಿರಬೇಕು.

ಉಂಗುರ ಅಥವಾ ವಾಷರು ಕೆಟ್ಟಿದ್ದರೆ ಅದೇ ಅಳತೆಯ ಹೊಸದನ್ನು ಹಾಕಿದರೆ ಸಾಕು. ಬಾಯಿ ಸೀಳಿದ್ದು ನಳಿಕೆ ಗಟ್ಟಿಯಾಗಿದ್ದರೆ, ಸಾಕಷ್ಟು ಉದ್ದವಿದ್ದಲ್ಲಿ, ಕೆಟ್ಟ ತುದಿಯನ್ನು ನೇರವಾಗಿ ಕತ್ತರಿಸಿ, ಹೊಸ ನಟ್ಟನ್ನು ಮೊದಲು ತೂರಿಸಿ, ಬಳಿಕ ಬಾಯಿಯನ್ನು ಅರಳಿಸಬೇಕು. ಲೋಹದ ಚೂರುಗಳು ಒಳಗೆ ಉಳಿಯಬಾರದು; ಅವು ಪಂಪನ್ನು ಕೆಡಿಸುತ್ತವೆ. ನಳಿಕೆಯ ಮೈಯೇ ತುಕ್ಕಿನಿಂದ ತೂತುತೂತಾಗಿದ್ದರೆ ಹೊಸ ನಳಿಕೆಯೇ ಬೇಕು. ನಟ್ಟನ್ನು ಮೊದಲು ಬೆರಳಿನಿಂದ ತಿರುಗಿಸಿ ಕೂರಿಸಿ, ಅನಂತರ ತಯಾರಕರು ಹೇಳಿದಷ್ಟೇ ಬಿಗಿಯಬೇಕು.

ಕೊನೆಗೆ ತಯಾರಕರು ಸೂಚಿಸಿದ ಎಣ್ಣೆಯನ್ನೇ ತುಂಬಿ, ಮುಂದಿನ ಚಕ್ರಗಳನ್ನೆತ್ತಿ ಭದ್ರವಾದ ಆಧಾರ ಕೊಟ್ಟು, ಎಂಜಿನು ನಿಂತಿರುವಾಗಲೇ ಸ್ಟಿಯರಿಂಗನ್ನು ಎಡಬಲಕ್ಕೆ ನಿಧಾನವಾಗಿ ತಿರುಗಿಸುತ್ತ, ಗುಳ್ಳೆಗಳು ನಿಲ್ಲುವವರೆಗೆ ಗಾಳಿಯನ್ನು ಹೊರದೂಡಬೇಕು. ಬ್ರೇಕಿನ ಎಣ್ಣೆಯನ್ನು ಎಂದೂ ಹಾಕಬಾರದು. ಅದು ಒಳಗಿನ ರಬ್ಬರನ್ನು ಕೆಡಿಸುತ್ತದೆ.

ಎರಡು ಎಚ್ಚರಿಕೆಗಳು

ಒತ್ತಡದ ನಳಿಕೆಯ ತುಂಡಾದ ಭಾಗಕ್ಕೆ ಸಾಮಾನ್ಯ ರಬ್ಬರ್ ಕೊಳವೆಯನ್ನೂ ಕ್ಲಿಪ್ಪನ್ನೂ ಹಾಕಬೇಡಿರಿ. 8 ಮಿಲಿಮೀಟರ್ ಒಳವ್ಯಾಸದ ಸಂಧಿಯನ್ನು ಎಣ್ಣೆ ಸುಮಾರು 40 ಕಿಲೋಗ್ರಾಂ ಬಲದಿಂದ ಹೊರಕ್ಕೆ ತಳ್ಳುತ್ತದೆ. ಕ್ಲಿಪ್ಪು ಕಳಚಿದರೆ ಸ್ಟಿಯರಿಂಗು ಒಮ್ಮೆಗೇ ಭಾರವಾಗುತ್ತದೆ. ಎಣ್ಣೆ ಕಾದ ಎಂಜಿನಿನ ಮೇಲೆ ಸಿಡಿದು ಹೊತ್ತಿಕೊಳ್ಳಲೂಬಹುದು.

ಎಂಜಿನು ನಡೆಯುವಾಗ ಸೋರಿಕೆಯನ್ನು ಕೈಯಿಂದ ಸವರಿ ಹುಡುಕಬೇಡಿರಿ. ಕನ್ನಡಕ ಧರಿಸಿ, ದೂರದಿಂದ ರಟ್ಟಿನ ತುಂಡನ್ನು ಹಿಡಿದು ನೋಡಿರಿ. ಸೂಜಿಯಂಥ ಎಣ್ಣೆಯ ಧಾರೆ ಚರ್ಮವನ್ನು ಭೇದಿಸಿ ಒಳಹೊಗಬಲ್ಲದು. ಗಾಯ ಚುಕ್ಕೆಯಷ್ಟೇ ಕಂಡರೂ, ನೋವಿಲ್ಲದಿದ್ದರೂ, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಚಿಕಿತ್ಸೆ ತಡವಾದರೆ ಬೆರಳನ್ನೇ ಕಳೆದುಕೊಳ್ಳಬೇಕಾದೀತು.

ಯೋಚಿಸಿ ಉತ್ತರಿಸಿರಿ

1. ಒತ್ತಡ ಚದರ ಸೆಂಟಿಮೀಟರಿಗೆ 60 ಕಿಲೋಗ್ರಾಂ, ಪಿಸ್ಟನ್ನಿನ ವ್ಯಾಸ 5 ಸೆಂಟಿಮೀಟರ್ ಇದ್ದರೆ ದೊರೆಯುವ ಬಲವೆಷ್ಟು?
2. ನಳಿಕೆಯ ಬಾಯಿಯನ್ನು ಅರಳಿಸುವ ಮೊದಲೇ ನಟ್ಟನ್ನು ತೂರಿಸಬೇಕೇಕೆ?
3. ಎಣ್ಣೆಯಲ್ಲಿ ಗಾಳಿಯ ಗುಳ್ಳೆಗಳು ಉಳಿದರೆ ಬಲದ ಸಾಗಣೆ ಕುಂದುವುದೇಕೆ?