ಮಾವಿನ ಹಲಗೆಯಿಂದ ಒಂದು ಸ್ಟೂಲ್: ಕೈ ಉಪಕರಣಗಳ ಪಾಠ

ಶ್ರೀನಿವಾಸಪುರ ಅಂದ ತಕ್ಷಣ ಯಾರಿಗಾದರೂ ನೆನಪಾಗೋದು ಮಾವಿನ ಹಣ್ಣು. ಮೇ ತಿಂಗಳಿಂದ ಜುಲೈವರೆಗೆ ಊರಿಗೆ ಊರೇ ಮಂಡಿ. ತೋತಾಪುರಿ, ಬಾದಾಮಿ, ರಸಪುರಿ, ನೀಲಂ, ಮಲ್ಲಿಕಾ ಅಂತ ಲೋಡುಗಟ್ಟಲೆ ಹಣ್ಣು ಬಂದು ಹೋಗತ್ತೆ. ತಾಲ್ಲೂಕಿನ ಹೊಗಳಗೆರೆಯಲ್ಲಿ ಮಾವಿಗಾಗಿಯೇ ಒಂದು ಕೇಂದ್ರ ಇದೆ. ಆದರೆ ಅದೇ ಮರದ ಹಲಗೆ ಬಗ್ಗೆ ಮಾತಾಡೋರು ಕಡಿಮೆ. ಹಳೇ ಮರ ತೆಗೆದಾಗ, ಗಾಳಿಗೆ ಮರ ಉರುಳಿದಾಗ ಸಿಗುವ ದಿಮ್ಮಿ ಸೌದೆಗೋ ಪ್ಯಾಕಿಂಗ್ ಪೆಟ್ಟಿಗೆಗೋ ಹೋಗೋದೇ ಹೆಚ್ಚು. 2025ರ ಜೂನ್‌ನಲ್ಲಿ ತೋತಾಪುರಿ ಬೆಲೆ ನೆಲ ಕಚ್ಚಿ, ಬೆಂಬಲ ಬೆಲೆ ಕೇಳಿ ಇಲ್ಲಿನ ರೈತರು ಬಂದ್ ಮಾಡಿದ್ದರು. ಹಣ್ಣಿಗೇ ಬೆಲೆ ಇಲ್ಲದ ವರ್ಷ ಮರಕ್ಕೆ ಯಾರು ಬೆಲೆ ಕಟ್ತಾರೆ?

ಇನ್ನೊಂದು ಕಡೆ ನಮ್ಮ ಹಾಸ್ಟೆಲ್, ಪಿಜಿ ರೂಮುಗಳನ್ನು ನೋಡಿ. ಪಾರ್ಟಿಕಲ್ ಬೋರ್ಡಿನ ಟೇಬಲ್ ತರ್ತೀವಿ. ಒಂದು ಸಲ ನೀರು ಚೆಲ್ಲಿದರೆ ಅಂಚು ಉಬ್ಬತ್ತೆ, ಒಂದು ಸಲ ಸ್ಕ್ರೂ ಕಿತ್ತು ಬಂದರೆ ಆ ತೂತಿನಲ್ಲಿ ಮತ್ತೆ ಹಿಡಿಯಲ್ಲ. ಕೋರ್ಸ್ ಮುಗಿಯೋ ಹೊತ್ತಿಗೆ ಅದು ಕಸ. ವರ್ಕ್‌ಷಾಪ್ ಲ್ಯಾಬಿನಲ್ಲಿ ನಾವೇ ಮಾಡಿದ ಟೀ ಜಾಯಿಂಟ್ ಅದಕ್ಕಿಂತ ಗಟ್ಟಿ, ಆದರೆ ಮಾರ್ಕ್ಸ್ ಬಂದ ಮೇಲೆ ಅದು ಎಲ್ಲಿ ಹೋಯಿತೋ ಯಾರಿಗೂ ಗೊತ್ತಿಲ್ಲ.

ಈ ಎರಡರ ನಡುವಿನ ಜಾಗಕ್ಕೆ ಈ ಪಾಠ. ಮಾವಿನ ಹಲಗೆಯಲ್ಲಿ, ಕರೆಂಟಿನ ಮಷೀನು ಇಲ್ಲದೆ, ಮನೆಯ ಜಗುಲಿ ಮೇಲೇ ಕೂತು ಒಂದು ಸ್ಟೂಲ್ ಮಾಡೋದು ಹೇಗೆ ಅಂತ ನೋಡೋಣ. ಸೆಮಿಸ್ಟರ್ ರಜೆಯಲ್ಲಿ ನಾವು ಕೆಲವರು ಸೇರಿ ಶ್ರೀನಿವಾಸಪುರದಲ್ಲಿ ಮಾಡಿದ ಕ್ರಮವನ್ನೇ ಇಲ್ಲಿ ಬರೀತಿದ್ದೀವಿ.

ಮೊದಲ ಮಾತು: ಮರಕ್ಕೆ ದಿಕ್ಕಿದೆ

ಮೈಲ್ಡ್ ಸ್ಟೀಲನ್ನು ಯಾವ ದಿಕ್ಕಿಗೆ ಎಳೆದರೂ ಗುಣ ಹೆಚ್ಚುಕಡಿಮೆ ಒಂದೇ ಅಂತ ಲೆಕ್ಕ ಹಾಕ್ತೀವಿ. ಮರ ಹಾಗಲ್ಲ. ಅದು ಉದ್ದುದ್ದ ಕೊಳವೆಗಳ ಒಂದು ಕಟ್ಟು. ಎಳೆಯ ಉದ್ದಕ್ಕೆ ಬಲ ಹೆಚ್ಚು, ಎಳೆಗೆ ಅಡ್ಡಲಾಗಿ ಕಡಿಮೆ. ಸೌದೆ ಒಡೆಯೋರು ಕೊಡಲಿಯನ್ನು ಯಾವ ಕಡೆಯಿಂದ ಹಾಕ್ತಾರೆ ಅಂತ ನೋಡಿದರೆ ಇಷ್ಟೂ ಗೊತ್ತಾಗತ್ತೆ.

ಕುಗ್ಗೋದೂ ಹಾಗೇ. ಒಣಗುವಾಗ ಮರ ಉದ್ದದಲ್ಲಿ ಕುಗ್ಗೋದು ತೀರಾ ಕಡಿಮೆ, ನಾವು ಲೆಕ್ಕಕ್ಕೇ ತಗೊಳ್ಳಲ್ಲ. ಅಗಲದಲ್ಲಿ ಚೆನ್ನಾಗಿ ಕುಗ್ಗತ್ತೆ. ಅದರಲ್ಲೂ ಬೆಳವಣಿಗೆಯ ಉಂಗುರಗಳ ಜೊತೆಜೊತೆಗೆ ಆಗುವ ಕುಗ್ಗುವಿಕೆ, ತಿರುಳಿನಿಂದ ತೊಗಟೆ ಕಡೆಗೆ ಆಗುವ ಕುಗ್ಗುವಿಕೆಯ ಸುಮಾರು ಎರಡು ಪಟ್ಟು. ಹಲಗೆ ಡೊಂಕಾಗೋದು, ಬಿರುಕು ಬಿಡೋದು ಎಲ್ಲಾ ಈ ವ್ಯತ್ಯಾಸದಿಂದಲೇ. ಮುಂದೆ ಬರುವ ಪ್ರತಿ ಹಂತವೂ ಈ ಒಂದು ಮಾತಿನ ಮೇಲೇ ನಿಂತಿದೆ.

ಮರ ಆರಿಸೋದು, ಒಣಗಿಸೋದು

ಒಣಗಿದ ಮಾವಿನ ಮರದ ಸಾಂದ್ರತೆ ಘನ ಮೀಟರ್‌ಗೆ ಸುಮಾರು 650 ಕೆಜಿ, ಹತ್ತಿರ ಹತ್ತಿರ ತೇಗದಷ್ಟೇ. ಉಳಿಗೆ ಚೆನ್ನಾಗಿ ಬಗ್ಗತ್ತೆ. ಕೋಲಾರದ ಕಡೆ ನೀಲಗಿರಿ ಬೇಕಾದಷ್ಟು ಸಿಗತ್ತೆ, ಆದರೆ ಒಣಗುವಾಗ ತಿರುಚಿಕೊಳ್ಳೋದು, ಸೀಳೋದು ಜಾಸ್ತಿ. ಕಲಿಯೋರಿಗೆ ಮಾವೇ ವಾಸಿ. ತೋಟದಲ್ಲಿ ನಿಂತಿರೋ ಮರದ ತಂಟೆಗೆ ಹೋಗಬೇಡಿ. ಕಡಿಯೋದಕ್ಕೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ನಿಯಮಗಳಿವೆ. ಸಾಮಿಲ್‌ನಲ್ಲಿ ಕೊಯ್ದ ಹಲಗೆ ಕೇಳಿ ತನ್ನಿ. ಗಂಟು ಕಡಿಮೆ ಇರಲಿ, ಎಳೆ ಒಂದು ತುದಿಯಿಂದ ಇನ್ನೊಂದು ತುದಿಗೆ ನೇರ ಹೋಗಲಿ. ಕಾಲಿನ ಮರಕ್ಕಂತೂ ಇದು ಕಡ್ಡಾಯ, ಯಾಕಂದ್ರೆ ಎಳೆ ಓರೆಯಾಗಿ ಹೊರಗೆ ಹೋದ ಕಡೆಯೇ ಕಾಲು ಮುರಿಯೋದು.

ಮಾವಿಗೆ ಒಂದು ದೊಡ್ಡ ಶತ್ರು ಹುಳ. ಬಿಳಿ ಭಾಗದಲ್ಲಿರುವ ಪಿಷ್ಟಕ್ಕೆ ಬಂದು, ಸೂಜಿ ತೂತು ಕೊರೆದು, ಹಿಟ್ಟಿನಂಥ ಪುಡಿ ಉದುರಿಸತ್ತೆ. ಮದ್ದು ಸುಲಭ: 5 ಲೀಟರ್ ಬಿಸಿನೀರಿಗೆ 100 ಗ್ರಾಂ ಬೋರಿಕ್ ಆಸಿಡ್, 150 ಗ್ರಾಂ ಬೊರಾಕ್ಸ್. ಗ್ಲೌಸ್ ಹಾಕಿಕೊಂಡು, ಹಲಗೆ ಇನ್ನೂ ಹಸಿ ಇರುವಾಗಲೇ ಒಂದು ರಾತ್ರಿ ಮುಳುಗಿಸಿಡಿ. ಇಲ್ಲವೇ ಎರಡು ಮೂರು ಸಲ ಬಳಿದು, ಒಂದು ವಾರ ಪ್ಲಾಸ್ಟಿಕ್ ಶೀಟಿನಲ್ಲಿ ಸುತ್ತಿಡಿ. ಒಳಗಿನ ತೇವದ ಮೂಲಕವೇ ಬೋರಾನ್ ಮರದೊಳಕ್ಕೆ ಹರಡಿಕೊಳ್ಳತ್ತೆ. ನೀರು ತಾಗಿದರೆ ಇದು ತೊಳೆದು ಹೋಗೋದರಿಂದ ಮನೆಯೊಳಗಿನ ಸಾಮಾನಿಗೆ ಮಾತ್ರ ಸರಿ.

ಆಮೇಲೆ ಒಣಗಿಸೋದು. ನೆರಳಿನಲ್ಲಿ, ಗಾಳಿ ಆಡುವ ಕಡೆ ಪೇರಿಸಿ. ಹಲಗೆ ಹಲಗೆ ನಡುವೆ ಒಂದೂವರೆ ಅಡಿಗೊಂದರಂತೆ ಸಮ ದಪ್ಪದ ಪಟ್ಟಿ ಇಡಿ. ತುದಿಗಳಿಗೆ ಪೇಂಟೋ ಮೇಣವೋ ಬಳೀರಿ, ಇಲ್ಲದಿದ್ದರೆ ಕೊಳವೆಗಳ ಬಾಯಿಂದ ತೇವ ಬೇಗ ಹೋಗಿ ತುದಿ ಸೀಳತ್ತೆ. ದಪ್ಪ ಎರಡು ಪಟ್ಟಾದರೆ ಒಣಗುವ ಸಮಯ ಎರಡಲ್ಲ, ನಾಲ್ಕು ಪಟ್ಟಿನ ಹತ್ತಿರ ಹೋಗತ್ತೆ. ಹಾಗಾಗಿ ಕಾಲಿನ ತುಂಡುಗಳನ್ನು ಮೊದಲೇ ಸೀಳಿಸಿ ಇಟ್ಟುಬಿಡಿ.

ಒಣಗಿದೆಯಾ ಅಂತ ಹೇಗೆ ತಿಳಿಯೋದು? ನಮ್ಮ ಹತ್ತಿರ ಲ್ಯಾಬ್ ಇದೆಯಲ್ಲ! ಹಲಗೆಯ ಮಧ್ಯದಿಂದ ಒಂದು ಚಿಕ್ಕ ತುಂಡು ಕತ್ತರಿಸಿ ತೂಕ ಮಾಡಿ. ಸಿವಿಲ್ ವಿಭಾಗದ ಮಣ್ಣು ಪರೀಕ್ಷೆಯ ಓವನ್‌ನಲ್ಲಿ 103ರಿಂದ 105 ಡಿಗ್ರಿಯಲ್ಲಿ ತೂಕ ಸ್ಥಿರವಾಗುವವರೆಗೆ ಇಡಿ. ಹೋದ ನೀರಿನ ತೂಕವನ್ನು ಒಣ ತೂಕದಿಂದ ಭಾಗಿಸಿ. 250 ಗ್ರಾಂ ತುಂಡು 200ಕ್ಕೆ ಇಳಿದರೆ ತೇವಾಂಶ 25%, ಇನ್ನೂ ಕಾಯಬೇಕು. 112 ಗ್ರಾಂ ತುಂಡು 100ಕ್ಕೆ ನಿಂತರೆ 12%, ಕೆಲಸ ಶುರು ಮಾಡಬಹುದು. ಹೆಚ್ಚು ಓದಬೇಕು ಅನ್ನೋರಿಗೆ ಒಣಗಿಸೋದರ ಬಗ್ಗೆ ಐಎಸ್ 1141, ಮರ ಸಂರಕ್ಷಣೆಯ ಬಗ್ಗೆ ಐಎಸ್ 401 ಇವೆ. ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯೇ ಇದೆ.

ಬೇಕಾದ ಉಪಕರಣಗಳು

ಗರಗಸ ಒಂದು, ಹತ್ತರಿ ಒಂದು, ಕಾಲಿಂಚು ಮತ್ತು ಮುಕ್ಕಾಲಿಂಚು ಉಳಿ, ಮರದ ಕೊಡತಿ, ಮೂಲೆಮಟ್ಟ, ಮಾರ್ಕಿಂಗ್ ಗೇಜ್, ಕೈ ಬೈರಿಗೆ, ಎರಡು ಕ್ಲಾಂಪ್, ಸಾಣೆಕಲ್ಲು. ಇಷ್ಟು ಸಾಕು. ಹೊಸದೇ ಆಗಬೇಕಿಲ್ಲ. ಎಷ್ಟೋ ಮನೆಗಳ ಅಟ್ಟದ ಮೇಲೆ ತುಕ್ಕು ಹಿಡಿದ ಒಳ್ಳೇ ಉಳಿ ಇರತ್ತೆ.

ಸಾಣೆ ಹಿಡಿಯೋದನ್ನು ಬಿಟ್ಟು ಮುಂದೆ ಹೋಗಬೇಡಿ. ಉಳಿಯ ಅಂಚು 25ರಿಂದ 30 ಡಿಗ್ರಿ ಇರಲಿ, ಹಿಂಬದಿ ಕನ್ನಡಿಯ ಹಾಗೆ ಸಮತಟ್ಟಾಗಿರಲಿ. ಪರೀಕ್ಷೆ ಹೀಗೆ: ಮರದ ತುದಿಯಲ್ಲಿ, ಅಂದರೆ ಎಳೆಗಳ ಬಾಯಿ ಕಾಣುವ ಮುಖದಲ್ಲಿ, ಉಳಿಯನ್ನು ಕೈಯಿಂದಲೇ ಒತ್ತಿ. ತೆಳ್ಳಗೆ ಸಿಪ್ಪೆ ಬಂದರೆ ಹರಿತ, ಪುಡಿ ಉದುರಿದರೆ ಮೊಂಡು. ಮೊಂಡು ಉಳಿಗೆ ಬಲ ಜಾಸ್ತಿ ಹಾಕ್ತೀವಿ, ಬಲ ಜಾಸ್ತಿ ಆದಾಗಲೇ ಅದು ಜಾರೋದು. ಅದಕ್ಕೇ ಎರಡೂ ಕೈ ಯಾವಾಗಲೂ ಅಂಚಿನ ಹಿಂದೆ ಇರಲಿ, ಮರ ಕ್ಲಾಂಪಿನಲ್ಲಿರಲಿ.

ಅಳತೆ

ಬಡಗಿಗಳ ಬಾಯಲ್ಲಿ ಇನ್ನೂ ಇಂಚೇ ನಡೆಯೋದು, ನಾವೂ ಅದನ್ನೇ ಇಟ್ಟುಕೊಳ್ಳೋಣ. ಸ್ಟೂಲಿನ ಒಟ್ಟು ಎತ್ತರ 18 ಇಂಚು.

• ಕಾಲು 4: 17 ಇಂಚು ಉದ್ದ, 1¾ ಇಂಚು ಚೌಕ (ಸದ್ಯಕ್ಕೆ 18 ಇಂಚಿಗೆ ಕತ್ತರಿಸಿ)
• ಉದ್ದ ಪಟ್ಟಿ 2: 12½ × 3 × ¾
• ಗಿಡ್ಡ ಪಟ್ಟಿ 2: 8½ × 3 × ¾
• ಮೇಲ್ಹಲಗೆ: 16 × 12 × 1 (6 ಇಂಚು ಅಗಲದ ಎರಡು ಹಲಗೆ ಅಂಟಿಸಿ)

ಪಟ್ಟಿಯ ಉದ್ದದಲ್ಲಿ ಎರಡೂ ತುದಿಯ ಒಂದೊಂದು ಇಂಚು ನಾಲಿಗೆಯೂ ಸೇರಿದೆ. ಎಲ್ಲಾ ಕೂಡಿದರೆ ಸುಮಾರು 495 ಘನ ಇಂಚು, ಅಂದರೆ 0.29 ಘನ ಅಡಿ. ಗರಗಸದ ಪುಡಿ, ಹತ್ತರಿ ಸಿಪ್ಪೆ, ಗಂಟು ಎಲ್ಲಾ ಕಳೆಯೋದರಿಂದ ಅರ್ಧ ಘನ ಅಡಿ ಮರ ತಗೊಳ್ಳಿ. ಮುಗಿದ ಸ್ಟೂಲಿನ ತೂಕ ಐದು ಕೆಜಿ ಚಿಲ್ಲರೆ ಬರಬೇಕು. ತೂಗಿ ನೋಡಿ, ಸಾಂದ್ರತೆಯ ಲೆಕ್ಕ ಕಣ್ಣ ಮುಂದೆ ಬರತ್ತೆ.

ಮೊಳೆ ಯಾಕೆ ಸಾಲದು?

ನಾಲ್ಕು ಕಡ್ಡಿಗಳನ್ನು ಮೂಲೆಗೊಂದು ಮೊಳೆ ಹೊಡೆದು ಚೌಕ ಮಾಡಿ, ಪಕ್ಕದಿಂದ ತಳ್ಳಿ. ಚೌಕ ಓರೆಯಾಗತ್ತೆ. ಮೆಕ್ಯಾನಿಕಲ್‌ನವರು ತಕ್ಷಣ ಗುರುತು ಹಿಡೀತಾರೆ: ಇದು ಫೋರ್ ಬಾರ್ ಮೆಕ್ಯಾನಿಸಂ. ಒಂಟಿ ಮೊಳೆ ಒಂದು ಪಿನ್ ಇದ್ದ ಹಾಗೆ, ತಿರುಗೋದನ್ನು ತಡೆಯಲ್ಲ. ಅಲುಗಾಡುವ ಕುರ್ಚಿ ಅಂದರೆ ಮೆಕ್ಯಾನಿಸಂ ಆಗಿಬಿಟ್ಟ ಸ್ಟ್ರಕ್ಚರ್.

ಅದಕ್ಕೇ ಹಳಬರು ಕಾಲಿನಲ್ಲಿ ಗುಳಿ ತೋಡಿ, ಪಟ್ಟಿಯ ತುದಿಯಲ್ಲಿ ನಾಲಿಗೆ ಬಿಟ್ಟು ಕೂಡಿಸೋದು. ಲ್ಯಾಬಿನಲ್ಲಿ ನಾವು ಮಾರ್ಟೈಸ್ ಅಂಡ್ ಟೆನನ್ ಅಂತ ಬರೆದದ್ದು ಇದೇ. ನಾಲಿಗೆ ಗುಳಿಯೊಳಗೆ ಕೂತಾಗ ಪಟ್ಟಿಯ ಭುಜ ಕಾಲಿಗೆ ಒರಗಿ ನಿಲ್ಲತ್ತೆ, ತಿರುಗೋದಕ್ಕೆ ಬಿಡಲ್ಲ.

ಒಂದು ಚಿಕ್ಕ ಲೆಕ್ಕ. ಯಾರೋ ಸ್ಟೂಲಿನ ಮೇಲೆ ಕೂತು ಪಕ್ಕಕ್ಕೆ ವಾಲಿದರು, ಮೇಲ್ತುದಿಗೆ 150 ನ್ಯೂಟನ್ ಅಡ್ಡಬಲ ಬಿತ್ತು ಅನ್ನಿ. ಎತ್ತರ 0.43 ಮೀಟರ್. ನಾಲ್ಕು ಕಾಲಿಗೆ ಹಂಚಿದರೆ ಒಂದೊಂದು ಕೂಡಿಕೆಗೆ ಸುಮಾರು 16 ನ್ಯೂಟನ್ ಮೀಟರ್ ಮೊಮೆಂಟ್. ಮೂರಿಂಚು ಪಟ್ಟಿಯಲ್ಲಿ ಮೇಲಿನ ಒತ್ತಡಕ್ಕೂ ಕೆಳಗಿನ ಎಳೆತಕ್ಕೂ ನಡುವೆ 50 ಮಿಲಿಮೀಟರ್ ಅಂತರ ಸಿಕ್ಕಿದರೆ, ಒಂದೊಂದು ಕಡೆ 320 ನ್ಯೂಟನ್. ಪಟ್ಟಿಯನ್ನು ಅರ್ಧ ಅಗಲಕ್ಕೆ ಇಳಿಸಿದರೆ ಅಂತರವೂ ಅರ್ಧ, ಬಲ 640 ನ್ಯೂಟನ್. ಮರ ಅಷ್ಟೇ, ಅಂಟು ಅಷ್ಟೇ, ಕೂಡಿಕೆಯ ಕಷ್ಟ ಮಾತ್ರ ಎರಡು ಪಟ್ಟು. ಅಂದಕ್ಕೆ ಅಂತ ಪಟ್ಟಿ ಸಣ್ಣ ಮಾಡಬೇಡಿ.

ಮಾಡುವ ಕ್ರಮ

1. ಪ್ರತಿ ತುಂಡಿನ ಒಂದು ಮುಖ ಸಮತಟ್ಟು ಮಾಡಿ, ಅದಕ್ಕೆ 90 ಡಿಗ್ರಿಗೆ ಇನ್ನೊಂದು ಅಂಚು. ಇವೆರಡಕ್ಕೂ ಪೆನ್ಸಿಲ್ ಗುರುತು ಹಾಕಿ. ಇನ್ನು ಮುಂದೆ ಎಲ್ಲಾ ಅಳತೆ ಈ ಎರಡು ಮುಖಗಳಿಂದಲೇ. ಡ್ರಾಯಿಂಗಿನಲ್ಲಿ ಡೇಟಮ್ ಅಂತ ಕಲಿತದ್ದು ಇಲ್ಲಿ ಕೈಗೆ ಸಿಗತ್ತೆ.

2. ಹತ್ತರಿಯನ್ನು ಎಳೆ ಏರುವ ದಿಕ್ಕಿಗೆ ನೂಕಿ. ಮರ ಕಿತ್ತು ಬರ್ತಿದ್ದರೆ ತುಂಡನ್ನು ತಿರುಗಿಸಿ. ಬೆಕ್ಕಿನ ಮೈ ಸವರಿದ ಹಾಗೆ, ಒಂದು ಕಡೆಗೆ ನಯ, ಇನ್ನೊಂದು ಕಡೆಗೆ ಮುನಿಸು.

3. ಗುಳಿ ಮೊದಲು, ನಾಲಿಗೆ ಆಮೇಲೆ. ಗುಳಿಯ ಅಗಲ ಉಳಿಯ ಅಗಲವೇ, ಕಾಲಿಂಚು. ಮುಕ್ಕಾಲಿಂಚು ಪಟ್ಟಿಯ ಮೂರನೇ ಒಂದು ಭಾಗ ಅದು. ಕಾಲಿನ ಮೇಲೆ ಬಿಟ್ಟ ಹೆಚ್ಚುವರಿ ಒಂದಿಂಚು ಹಾಗೇ ಇರಲಿ, ಅದರ ಕೆಳಗಿನ ಗೆರೆಯಿಂದ ಮುಕ್ಕಾಲಿಂಚು ಬಿಟ್ಟು 2¼ ಇಂಚು ಉದ್ದದ ಗುಳಿ ತೋಡಿ. ಆಳ ಒಂದಿಂಚಿಗಿಂತ ಸ್ವಲ್ಪ ಹೆಚ್ಚು. ಮೇಲಿನ ಆ ತುಂಡು ಕಾಲು ಸೀಳದ ಹಾಗೆ ಕಾಯತ್ತೆ, ಕೊನೆಗೆ ಅದನ್ನು ಕೊಯ್ದು ಹಾಕಿ.

4. ನಾಲಿಗೆಯ ಗೆರೆಯನ್ನು ಚಾಕುವಿನಿಂದ ಗೀರಿ, ಗೆರೆಯ ಹೊರಬದಿಯಲ್ಲಿ ಗರಗಸ ಆಡಿಸಿ, ಉಳಿದದ್ದನ್ನು ಉಳಿಯಿಂದ ಸವರಿ. ಕೈಯಿಂದ ಒತ್ತಿದರೆ ಅರ್ಧ ಹೋಗಬೇಕು, ಇನ್ನರ್ಧಕ್ಕೆ ಕೊಡತಿಯ ಮೆಲ್ಲನೆ ಏಟು ಬೇಕು. ಅಷ್ಟು ಬಿಗಿ ಸರಿ. ಕಾಲಿನೊಳಗೆ ಎರಡು ನಾಲಿಗೆ ಎದುರಾಗೋದರಿಂದ ಎರಡರ ತುದಿಯನ್ನೂ 45 ಡಿಗ್ರಿಗೆ ಓರೆ ಮಾಡಿ.

5. ಅಂಟಿಲ್ಲದೆ ಒಮ್ಮೆ ಪೂರ್ತಿ ಜೋಡಿಸಿ ನೋಡಿ. ಆಮೇಲೆ ಫೆವಿಕಾಲ್ ಹಚ್ಚಿ, ಗಿಡ್ಡ ಪಟ್ಟಿಯ ಎರಡು ಬದಿಗಳನ್ನು ಮೊದಲು, ಅವು ಒಣಗಿದ ಮೇಲೆ ಉದ್ದ ಪಟ್ಟಿಗಳನ್ನು ಕೂಡಿಸಿ. ಕ್ಲಾಂಪ್ ಹಾಕಿದ ಕೂಡಲೇ ಕರ್ಣಗಳನ್ನು ಅಳೆಯಿರಿ. ಎರಡೂ ಸಮ ಇದ್ದರೆ ಚೌಕಟ್ಟು ನೇರ.

6. ಪ್ರತಿ ಕೂಡಿಕೆಗೆ ಬೈರಿಗೆಯಿಂದ ಸಣ್ಣ ತೂತು ಹಾಕಿ, ಬಿದಿರಿನ ಗೂಟ ಹೊಡೆಯಿರಿ. ಮುಂದೊಂದು ದಿನ ಅಂಟು ಸೋತರೂ ಗೂಟ ಹಿಡಿದಿರತ್ತೆ.

ಮೇಲ್ಹಲಗೆಯನ್ನು ಕಟ್ಟಿಹಾಕಬೇಡಿ

ಮನೆಯಲ್ಲಿ ಮಾಡಿದ ಸಾಮಾನು ಹೆಚ್ಚಾಗಿ ಸೋಲೋದು ಈ ಹಂತದಲ್ಲಿ. ಕೋಲಾರದ ಏಪ್ರಿಲ್ ಬಿಸಿಲಿಗೂ ಅಕ್ಟೋಬರ್ ಮಳೆಗೂ ಗಾಳಿಯ ತೇವ ಬೇರೆ ಬೇರೆ. ಮರ ಅದನ್ನು ಹೀರತ್ತೆ, ಬಿಡತ್ತೆ. ತೇವಾಂಶ ಒಂದು ಶೇಕಡ ಬದಲಾದರೆ ಅಗಲ ಸುಮಾರು 0.2% ಬದಲಾಗತ್ತೆ ಅಂತ ಇಟ್ಟುಕೊಂಡರೆ, ನಾಲ್ಕು ಶೇಕಡಕ್ಕೆ ನಮ್ಮ 12 ಇಂಚಿನ ಹಲಗೆ ಎರಡೂವರೆ ಮಿಲಿಮೀಟರ್ ಆಚೀಚೆ ಹೋಗತ್ತೆ. ಕೆಳಗಿನ ಗಿಡ್ಡ ಪಟ್ಟಿಯ ಉದ್ದ ಮಾತ್ರ ಬದಲಾಗಲ್ಲ, ಯಾಕಂದ್ರೆ ಅಲ್ಲಿ ಎಳೆಯ ದಿಕ್ಕು ಬೇರೆ. ಸುತ್ತಲೂ ಅಂಟು ಹಾಕಿ ಬಿಗಿದರೆ ಹಲಗೆಗೆ ಸೀಳದೆ ಬೇರೆ ದಾರಿಯೇ ಇಲ್ಲ.

ಹಾಗಾಗಿ ಚೌಕಟ್ಟಿನ ಒಳಬದಿಗೆ ಚಿಕ್ಕ ಮರದ ತುಂಡುಗಳನ್ನು ಕೂರಿಸಿ, ಅವುಗಳಲ್ಲಿ ಸ್ಕ್ರೂ ತೂತನ್ನು ಹಲಗೆಯ ಅಗಲದ ದಿಕ್ಕಿಗೆ ಉದ್ದುದ್ದ ಸೀಳಿನಂತೆ ಮಾಡಿ. ವಾಷರ್ ಹಾಕಿ ಕೆಳಗಿನಿಂದ ಸ್ಕ್ರೂ ಬಿಗಿಯಿರಿ. ಹಲಗೆ ಮೇಲಕ್ಕೆ ಏಳಲ್ಲ, ಅಗಲಕ್ಕೆ ಮಾತ್ರ ಉಸಿರಾಡತ್ತೆ. ಸೇತುವೆಗೆ ಎಕ್ಸ್‌ಪಾನ್ಷನ್ ಜಾಯಿಂಟ್ ಯಾಕೆ ಅಂತ ಓದಿದ್ದೀವಲ್ಲ, ಅದೇ ಇದು.

ಕೊನೆಯ ಕೈ

ನುಣುಪು ಕಾಗದವನ್ನು ಎಳೆಯ ಉದ್ದಕ್ಕೇ ಉಜ್ಜಿ. ಮಾಸ್ಕ್ ಇರಲಿ, ಮಾವಿನ ಸೊನೆಗೆ ಮೈ ಕೆರೆಯೋರಿಗೆ ಅದರ ಪುಡಿಯೂ ಆಗದೇ ಇರಬಹುದು. ಆಮೇಲೆ ಅಗಸೆ ಎಣ್ಣೆ ತೆಳ್ಳಗೆ ಹಚ್ಚಿ ಒರೆಸಿ, ಒಣಗಲು ಬಿಡಿ, ಹೀಗೆ ಎರಡು ಮೂರು ಸಲ. ಎಣ್ಣೆ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೀಬೇಡಿ. ಒಣಗುವಾಗ ಬಿಸಿಯಾಗಿ ತಾನಾಗೇ ಹೊತ್ತಿಕೊಳ್ಳಬಹುದು. ಬಿಚ್ಚಿ ಹರವಿ, ಇಲ್ಲವೇ ನೀರಿನಲ್ಲಿ ಅದ್ದಿಡಿ.

ಕಾಲು ಕುಂಟಿದರೆ ಸಮ ನೆಲದ ಮೇಲಿಟ್ಟು, ಗಿಡ್ಡ ಕಾಲಿನ ಕೆಳಗೆ ಬೆಣೆ ಕೊಟ್ಟು, ನಾಲ್ಕೂ ಕಾಲಿಗೆ ನೆಲದಿಂದ ಒಂದೇ ಎತ್ತರದಲ್ಲಿ ಗೆರೆ ಹಾಕಿ ಕೊಯ್ಯಿರಿ.

ಅಂಗಡಿಯಲ್ಲಿ ಪ್ಲಾಸ್ಟಿಕ್ ಸ್ಟೂಲ್ ಇದಕ್ಕಿಂತ ಅಗ್ಗಕ್ಕೆ ಸಿಗತ್ತೆ, ಅದು ನಿಜ. ಆದರೆ ಈ ಸ್ಟೂಲಿನ ಯಾವ ಭಾಗ ಯಾಕೆ ಹಾಗಿದೆ ಅಂತ ನಿಮಗೆ ಗೊತ್ತಿರತ್ತೆ, ಹಾಗಾಗಿ ಯಾವ ಭಾಗ ಕೆಟ್ಟರೂ ನೀವೇ ಸರಿ ಮಾಡ್ತೀರಿ. ಸೌದೆ ಆಗಬೇಕಿದ್ದ ಅರ್ಧ ಘನ ಅಡಿ ಮಾವು ಹತ್ತಾರು ವರ್ಷ ಮನೆಯಲ್ಲಿ ಇರತ್ತೆ. ಮುಂದಿನ ರಜೆಗೆ ಊರಿಗೆ ಹೋದಾಗ ಮೊದಲು ಅಟ್ಟ ಹತ್ತಿ ಉಳಿ ಹುಡುಕಿ. ಆಮೇಲೆ ನಿಮ್ಮ ಬೀದಿಯಲ್ಲಿ ಬಡಗಿ ಕೆಲಸ ಮಾಡುವ ಹಿರಿಯರು ಯಾರಾದರೂ ಇದ್ದರೆ ಹೋಗಿ ಮಾತಾಡಿಸಿ. ಈ ಪಾಠದಲ್ಲಿ ನಾವು ಬರೆಯಲಾಗದ್ದು ಎಷ್ಟೋ ಅವರ ಕೈಯಲ್ಲಿರತ್ತೆ.